ಒಳಗಿನಿಂದ ಬಳಿದ ಕೆಂಪು

ಗಾಲಿಯಿಲ್ಲದ, ಮೋಟಾರಿಲ್ಲದ, ತಳವೂ ಇಲ್ಲದ ಕಾರೊಂದು ನಮ್ಮ ಹಾಸನದ ಮನೆಯ ಕಿಟಕಿಕಟ್ಟೆಯ ಮೇಲೆ ಕೂತಿದೆ. ಕಾರೆಂದರೆ ಕಾರಲ್ಲ, ರಿಮೋಟು ಹಿಡಿದು ಓಡಿಸುವ ಆಟದ ಕಾರಿನ ಮೇಲ್ಕವಚ. ಮೊಳದುದ್ದದ, ಟೊಳ್ಳಾದ, ಕುಂಕುಮಗೆಂಪಿನ ಚಿಪ್ಪು. ಬಂದವರು ಅದನ್ನು ಎತ್ತಿ, ಹೊರಳಿಸಿ, ಒಳಗೇನೂ ಇಲ್ಲದ್ದನ್ನು ಕಂಡು, "ಇದನ್ಯಾಕ್ರೀ ಇಟ್ಕೊಂಡಿದ್ದೀರಿ?" ಎನ್ನುತ್ತಾರೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಅದನ್ನು ಗುಜರಿಯವನಿಗೆ ಹಾಕಲು ಹೊರಟಿದ್ದಳು. ಕಮಲತ್ತೆಯ ವಿಷಯ ತಿಳಿದ ಮೇಲೆ ತಾನೇ ಒರೆಸಿಡುತ್ತಾಳೆ. ನೀವೂ ಸ್ವಲ್ಪ ಕೂತು ಕೇಳಿ, ಕಾಫಿ ಆಗುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ.

ಕಮಲತ್ತೆ ನನ್ನ ತಂದೆಯ ತಂಗಿ. ಹೊಳೆನರಸೀಪುರದ ನಮ್ಮ ಮನೆಯಿಂದ ಮದುವೆಯಾಗಿ ಹೋಗಿ, ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ಅದೇ ಮನೆಗೆ ಮರಳಿ, ನನ್ನನ್ನೂ ತಂಗಿ ವಸುಧಾಳನ್ನೂ ಎತ್ತಿ ಆಡಿಸಿ ಬೆಳೆಸಿದವಳು. ಅವಳು ಬಣ್ಣದ ಸೀರೆ ಉಡಕೂಡದೆಂದು ನಮ್ಮಲ್ಲಿ ಯಾರೂ ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟು ಒರಟರಲ್ಲ ನಾವು! ಹಬ್ಬಕ್ಕೆ ತಂದ ಸೀರೆಗಳಲ್ಲಿ ಅವಳ ಪಾಲಿಗೆ ಬಿಸ್ಕತ್ತಿನ ಬಣ್ಣದ್ದೋ, ಬೂದಿ ಬಣ್ಣದ್ದೋ, ಅಕ್ಕಿ ತೊಳೆದ ನೀರಿನ ಬಣ್ಣದ್ದೋ ಬರುತ್ತಿತ್ತು, ಅಷ್ಟೇ. ಆಡಿದ ಮಾತಿಗಾದರೆ ಎದುರಾಡಬಹುದು, ಆಡದೆಯೇ ನಡೆಸಿಕೊಂಡು ಬಂದದ್ದಕ್ಕೆ ಯಾರ ಮೇಲೆ ಜಗಳಕ್ಕೆ ಹೋಗುವುದು, ನೀವೇ ಹೇಳಿ.

ವಸುಧಾಳಿಗೆ ಚನ್ನರಾಯಪಟ್ಟಣದ ಹುಡುಗ ಗೊತ್ತಾದಾಗ ಜವಳಿ ತೆಗೆಯಲು ಎಲ್ಲರೂ ಹಾಸನಕ್ಕೆ ಬಂದರು. ನಾನಾಗ ಇಲ್ಲಿನ ಕಾಲೇಜೊಂದಕ್ಕೆ ಹೊಸದಾಗಿ ಸೇರಿ ಬಾಡಿಗೆ ಮನೆ ಹಿಡಿದಿದ್ದೆ. ಅಂಗಡಿಯವನು ಜಮಖಾನದ ಮೇಲೆ ಒಂದರ ಮೇಲೊಂದು ಸೀರೆ ಬಿಡಿಸಿ ಎಸೆಯುತ್ತಿದ್ದಾಗ ಅತ್ತೆಯ ಕೈ ಕುಂಕುಮಗೆಂಪಿನ ರೇಷ್ಮೆಯೊಂದರ ಮೇಲೆ ನಿಂತಿತು. ಅಂಚಿನ ಹಳದಿ ಗೆರೆಯನ್ನು ಬೆರಳು ನಿಧಾನವಾಗಿ ಹಿಂಬಾಲಿಸಿತು. ನಮ್ಮಮ್ಮ ಬಿಸ್ಕತ್ತಿನ ಬಣ್ಣದ್ದನ್ನು ಅವಳ ತೊಡೆಯ ಮೇಲಿಟ್ಟು, "ಕಮಲಾ, ನಿಂಗೆ ಇದೇ ಒಪ್ಪತ್ತೆ ನೋಡು" ಎಂದರು, ನಿಜವಾದ ಅಕ್ಕರೆಯಿಂದಲೇ. ಅತ್ತೆ ಕೈ ಹಿಂದಕ್ಕೆ ತೆಗೆದಳು. ನನಗೆ ತಡೆಯಲಾಗಲಿಲ್ಲ. "ಅವಳಿಗೆ ಆ ಕೆಂಪಿಂದೇ ಬೇಕಂತೆ ಕಾಣತ್ತೆ" ಎಂದೆ. "ನೀನು ಸುಮ್ನಿರೋ ಕಿಟ್ಟೂ, ಹೆಂಗಸರ ವಿಷಯ" ಎಂದು ಅಮ್ಮ ಬಾಯಿ ಮುಚ್ಚಿಸಿದರು. ಅತ್ತೆಯೂ "ಇದೇ ಚೆನ್ನಾಗಿದೆ ಬಿಡೋ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಎಲ್ಲರೂ ಊರಿಗೆ ಹೊರಟರು. ನನಗೆ ನಾಲ್ಕು ದಿನ ಬಿಸಿ ಅಡುಗೆ ಮಾಡಿ ಹಾಕುವುದಕ್ಕೆಂದು ಅತ್ತೆ ತನ್ನ ಪಾಲಿನ ಸೀರೆಯೊಂದಿಗೆ ಉಳಿದಳು. ಆ ದಿನಗಳಲ್ಲಿ ನನಗೆ ಏರ್‌ಬ್ರಶ್ಶಿನ ಹುಚ್ಚು ಹಿಡಿದಿತ್ತು. ಏರ್‌ಬ್ರಶ್ಶೆಂದರೆ ಪೆನ್ನಿನಷ್ಟು ದಪ್ಪದ ಪಿಚಕಾರಿ. ನೆತ್ತಿಯ ಮೇಲಿನ ಪುಟ್ಟ ಬಟ್ಟಲಲ್ಲಿ ಬಣ್ಣ, ಬಾಲಕ್ಕೆ ಗಾಳಿಯ ಕೊಳವೆ, ಬೆರಳಡಿ ಒಂದು ಗುಂಡಿ. ಗಾಳಿಗೆ ಬೇಕಾದ ಯಂತ್ರವನ್ನು ಹಳೆಯ ಫ್ರಿಜ್ಜಿನ ಹೊಟ್ಟೆ ಬಗೆದು ಮಾಡಿಕೊಟ್ಟವನು ಮಂಜೇಗೌಡ. ಮಲ್ಲಿಪಟ್ಟಣದ ಕಡೆಯವನು, ಜಮೀನು ಅಣ್ಣಂದಿರಿಗೆ ಬಿಟ್ಟು ಹಾಸನದಲ್ಲಿ ಸ್ಕೂಟರು ರಿಪೇರಿಯ, ಬಣ್ಣದ ಶೆಡ್ಡು ಹಾಕಿದ್ದ. ಅವನಿಗೆ ರಿಮೋಟ್ ಕಾರಿನ ಹುಚ್ಚು. ಅವತ್ತು ಮನೆಗೆ ಬಂದು, ಗಾಜಿನಂತೆ ಪಾರದರ್ಶಕವಾದ ಹೊಸ ಚಿಪ್ಪೊಂದನ್ನು ಕೈಗಿತ್ತು, "ಇದ್ಕೆ ಒಳಗ್ಲಿಂದ ಬಣ್ಣ ಒಡೀಬೇಕಂತೆ ಸಾ. ಒರಗಡೆ ಒಡುದ್ರೆ ಒಂದೇ ಗುದ್ದಿಗೆ ಕಿತ್ಕೊಂಡೋಯ್ತದೆ. ಭಾನ್ವಾರ ರೇಸೈತೆ, ನೋಡಿ ಮತ್ತೆ" ಎಂದ. ಯಾವ ಬಣ್ಣವೆಂದು ಕೇಳಿದರೆ, "ಅಮ್ಮಾರ್ ಏಳಿದ್ದು" ಎಂದು ಅತ್ತೆಯತ್ತ ಕೈ ತೋರಿಸಿದ.

ಅತ್ತೆ ಸೌಟು ಹಿಡಿದುಕೊಂಡೇ ಹೊಸ್ತಿಲಿಗೆ ಬಂದು, "ಕೆಂಪು. ಅಂಚಿಗೆ ಹಳದಿ ಎಳೆ" ಎಂದಳು. ಅಂಗಡಿಯಲ್ಲಿ ಬಿಟ್ಟುಬಂದ ಸೀರೆ ನನ್ನ ಕಣ್ಣ ಮುಂದೆ ಬಂತು.

"ಮೊದ್ಲು ಬಿಳಿ ಬೇಸ್ ಒಡೀರಿ ಸಾ, ಗಾಡೀಗೆಲ್ಲ ನಾವು ಅಂಗೇ ಮಾಡಾದು" ಎಂದು ಹೇಳಿ ಮಂಜ ಹೋದ. ನಮಗೂ ಸರಿಯೆನ್ನಿಸಿತು. ಗೋಡೆಗೆ ಮೊದಲು ಸುಣ್ಣ, ಆಮೇಲೆ ತಾನೇ ಉಳಿದ ಬಣ್ಣಗಳು! ಹೊರಮೈಗೆ ಬಣ್ಣದ ಹನಿ ಸಿಡಿಯದಂತೆ ಚಿಪ್ಪಿಗೆಲ್ಲ ಕಾಗದ ಸುತ್ತಿ, ಒಳಗೆ ಬಿಳಿ ಹೊಡೆದೆ. ಕೆಂಪನ್ನು ಹೊಡೆದವಳು ಅತ್ತೆ. ಕೈ ಮೊದಲು ಚಲಿಸಬೇಕು, ಬಣ್ಣ ಆಮೇಲೆ ಬಿಡಬೇಕು, ನಿಂತರೆ ಗುಪ್ಪೆಯಾಗುತ್ತದೆ ಎಂದು ನಾನು ವಿವರಿಸಲು ಹೊರಟರೆ, "ರಂಗೋಲೀನೂ ಹಾಗೇ ಅಲ್ವೇನೋ" ಎಂದು ನಕ್ಕು ಪಿಚಕಾರಿ ಕಸಿದುಕೊಂಡಳು. ಕೊನೆಗೆ ಅಂಚಿಗೆ ಹಳದಿ ಎಳೆ. ತಲೆಕೆಳಗಾಗಿ ಮಲಗಿದ್ದ ಚಿಪ್ಪಿನೊಳಗೆ ಬಗ್ಗಿ ನೋಡಿದರೆ ಎರಡು ಕಣ್ಣು ಸಾಲದು. ಅತ್ತೆ ಅನ್ನ ತಳ ಹಿಡಿಯುವವರೆಗೂ ನೋಡುತ್ತ ಕೂತಿದ್ದಳು.

ಬೆಳಿಗ್ಗೆ ಮಂಜ ಬಂದು ಕಾಗದ ಬಿಚ್ಚಿದ. ಹೊರಗೆ ಅಪ್ಪಟ ಬಿಳಿ. ಕೆಂಪಿನ ಸುಳಿವೂ ಇಲ್ಲ.

"ಅಯ್ಯೋ ಶಿವ್ನೇ! ಏನ್ ಸಾ, ತಹಸೀಲ್ದಾರ್ರ ಕಾರು ಮಾಡ್ಬುಟ್ಟಿದ್ದೀರಲ್ಲ!" ಎಂದು ಮಂಜ ಹಣೆ ಬಡಿದುಕೊಂಡ.

ಮೂವರೂ ಚಿಪ್ಪನ್ನು ಹಿಂದೆಮುಂದೆ ಹೊರಳಿಸಿ ನೋಡಿದೆವು. ಆಮೇಲೆ ಬುದ್ಧಿ ಬಂತು. ಗೋಡೆಯಲ್ಲಿ ಕೊನೆಗೆ ಬಳಿದ ಬಣ್ಣ ಲೋಕಕ್ಕೆ ಕಾಣುತ್ತದೆ. ಒಳಗಿನಿಂದ ಬಳಿಯುವಾಗ ಮೊಟ್ಟಮೊದಲು ಬಿದ್ದದ್ದೇ ಕಾಣುವುದು. ಅದರ ಹಿಂದೆ ನೀವು ಎಷ್ಟು ಕೆಂಪು ಸುರಿದರೂ ಹೊರಗಿನವರಿಗೆ ತಿಳಿಯುವುದೇ ಇಲ್ಲ. ನಾನೂ ಮಂಜನೂ ನಗುತ್ತಿದ್ದೆವು. ಅತ್ತೆ ನಗಲಿಲ್ಲ. ಚಿಪ್ಪನ್ನು ಮಡಿಲಲ್ಲಿಟ್ಟುಕೊಂಡು ಒಮ್ಮೆ ಒಳಗೆ, ಒಮ್ಮೆ ಹೊರಗೆ ನೋಡಿ, "ಇದೂ ನನ್ನ ಹಾಗೇ ಆಯ್ತಲ್ಲೋ ಕಿಟ್ಟೂ" ಎಂದಳು. ಅವಳ ಕಣ್ಣು ತುಂಬಿತ್ತು.

ಮಂಜ ಗಾಬರಿಯಾಗಿ, "ಓಗ್ಲಿ ಬುಡಿ ಅಮ್ಮಾರೇ, ಬಿಳೀದೂ ಓಡ್ತದೆ" ಎಂದ.

"ಬೇಡ. ತೆಗಿ ಅದನ್ನ."

"ಬಿಳಿ ಒಂದ್ನೇ ತಗ್ಯಾಕಾಗಾಕಿಲ್ಲ. ಕೆಂಪೂ ಓಯ್ತದೆ, ನಿಮ್ ಎಳೆಯೂ ಓಯ್ತದೆ."

"ಹೋಗ್ಲಿ. ಮತ್ತೆ ಎಳೀತೀನಿ."

ಶೆಡ್ಡಿನಿಂದ ಬಣ್ಣ ಬಿಡಿಸಲು ಬ್ರೇಕ್ ಆಯಿಲ್ ಬಂತು, ಹಳೆ ಪಂಚೆಯ ತುಂಡು ಬಂತು. ಉಜ್ಜಲು ನಾನು ಕೈ ಚಾಚಿದರೆ ಅತ್ತೆ ಕೊಡಲಿಲ್ಲ. ಮೊದಲು ಹೋದದ್ದು ಅವಳ ಹಳದಿ, ಆಮೇಲೆ ಅವಳ ಕೆಂಪು. ಎಲ್ಲಕ್ಕಿಂತ ಕಷ್ಟಪಟ್ಟು ಬಿಟ್ಟದ್ದು ಬಿಳಿ. ಅಂಟಿ ಕೂತಿತ್ತು ಪಾಪಿ. ಚಿಪ್ಪು ಮತ್ತೆ ಗಾಜಿನಂತಾಗುವ ಹೊತ್ತಿಗೆ ಅತ್ತೆಯ ಬೆರಳೆಲ್ಲ ಕೆಂಪಾಗಿದ್ದವು. ಈ ಸಲ ಮೊದಲು ಹಳದಿ ಎಳೆ, ಅದರ ಬೆನ್ನಿಗೆ ಕೆಂಪು. ಆದರೆ ಬೆಳಕಿಗೆ ಹಿಡಿದರೆ ಕೆಂಪು ತೆಳ್ಳಗೆ, ಬಡಕಲಾಗಿ ಕಂಡಿತು. "ಹಿಂದೆ ಬಿಳಿ ಕೊಟ್ಟು ನೋಡಣ" ಎಂದ ಮಂಜ, ಅಳುಕುತ್ತಲೇ. ಅತ್ತೆ ಚಿಪ್ಪನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು, "ಹಿಂದೆ ಇದ್ರೆ ಇರ್ಲಿ" ಎಂದಳು. ಬಿಳಿ ಬಿದ್ದದ್ದೇ ತಡ, ಕೆಂಪು ಜ್ವಲಿಸಿತು.

ಭಾನುವಾರ ಮಂಜನ ವ್ಯಾನಿನಲ್ಲಿ ಅರಕಲಗೂಡು ದಾಟಿ ರಾಮನಾಥಪುರಕ್ಕೆ ಹೋದೆವು. ಕಾವೇರಿಯಲ್ಲಿ ಒಂದು ಮುಳುಗು ಹಾಕಿದಂತಾಗುತ್ತದೆಂಬ ನೆಪದಲ್ಲಿ ಅತ್ತೆಯೂ ಬಂದಳು. ಹೊಗೆಸೊಪ್ಪಿನ ಹರಾಜು ಮುಗಿದು ಖಾಲಿ ಬಿದ್ದ ಸಿಮೆಂಟಿನ ನೆಲ, ಸೊಪ್ಪಿನ ಘಾಟು ಇನ್ನೂ ಮೂಗಿಗೆ ಹೊಡೆಯುತ್ತಿತ್ತು; ಅಲ್ಲೇ ರೇಸು. ನಮ್ಮ ಕೆಂಪು ಕಾರು ಮೊದಲ ಸುತ್ತಿನಲ್ಲೇ ಕಂಬಕ್ಕೆ ಗುದ್ದಿ, ಪಲ್ಟಿ ಹೊಡೆದು, ಬೆನ್ನ ಮೇಲೆ ಗರಗರನೆ ಉಜ್ಜಿಕೊಂಡು ಹೋಯಿತು. ಅತ್ತೆ ಸೀರೆ ಎತ್ತಿ ಕಟ್ಟಿ ಓಡಿದಳು. ಎತ್ತಿ ನೋಡಿದರೆ ಮೈಯೆಲ್ಲ ಗೀರು. ಸೆರಗಿನಲ್ಲಿ ಒರೆಸಿದಳು; ಗೀರೆಲ್ಲ ಹೊರಗೇ ಉಳಿದಿದ್ದವು, ಬಣ್ಣ ಚೂರೂ ಕದಲಿರಲಿಲ್ಲ. ಸೋತ ಮಂಜ ಪೆಚ್ಚಾಗಿ ನಿಂತಿದ್ದರೆ ಅತ್ತೆ ಗೆದ್ದವಳಂತೆ ನಗುತ್ತಿದ್ದಳು.

ಮಾರನೆಯ ದಿನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅತ್ತೆ ಊರಿಗೆ ಹೊರಟುಹೋಗಿದ್ದಳು. ಬಿಸ್ಕತ್ತಿನ ಬಣ್ಣದ ಸೀರೆಯ ಡಬ್ಬ ಹಿಡಿದುಕೊಂಡು ಜವಳಿ ಅಂಗಡಿಯ ಕಡೆ ಹೋದದ್ದನ್ನು ಪಕ್ಕದ ಮನೆಯವರು ನೋಡಿದ್ದರು.

ಚನ್ನರಾಯಪಟ್ಟಣದ ಛತ್ರದಲ್ಲಿ, ಧಾರೆಗೆ ಸ್ವಲ್ಪ ಮುಂಚೆ, ಹೆಂಗಸರ ಕೋಣೆಯ ಬಾಗಿಲು ತೆರೆದು ಕಮಲತ್ತೆ ಹೊರಬಂದಳು. ಅದೇ ಕುಂಕುಮಗೆಂಪು, ಅದೇ ಹಳದಿ ಅಂಚು. ಓಲಗ ನಿಲ್ಲಲಿಲ್ಲ, ಆದರೆ ನಮ್ಮ ಕಡೆಯ ಸಾಲಿನಲ್ಲಿ ಮಾತೆಲ್ಲ ನಿಂತಿತು. ದೊಡ್ಡಮ್ಮ ಒಬ್ಬರು ಮುಖ ಆ ಕಡೆಗೆ ತಿರುಗಿಸಿದರು. ಅತ್ತೆ ಬಾಗಿಲ ಬಳಿಯೇ ನಿಂತಳು. ಎದ್ದು ಹೋಗಿ ಪಕ್ಕದಲ್ಲಿ ನಿಂತೆ. ಅಷ್ಟರಲ್ಲಿ ಅಮ್ಮ ಎದುರಿಗೆ ಬಂದರು. ಅತ್ತೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಬಗ್ಗಿ, ಅವಸರದಲ್ಲಿ ಏರುಪೇರಾಗಿದ್ದ ನೆರಿಗೆಗಳನ್ನು ಒಂದೊಂದಾಗಿ ಜೋಡಿಸಿ, "ಹೊಸ ರೇಷ್ಮೆ, ಜಾರತ್ತೆ. ಪಿನ್ ಹಾಕ್ಕೋಬಾರದೇನೇ? ನಡಿ, ಮುಂದೆ ಬಾ, ವಸುಧಾ ಆಗ್ಲಿಂದ ನಿನ್ನೇ ಕೇಳ್ತಿದಾಳೆ" ಎಂದು ಕೈ ಹಿಡಿದು ಮಂಟಪದ ಹತ್ತಿರ ಕರೆದುಕೊಂಡು ಹೋದರು.

ಮಂಜ ಆಮೇಲೆ ಹೊಸ ಚಿಪ್ಪು ತಂದುಕೊಂಡ. ಹಳೆಯದು ನನ್ನ ಕಿಟಕಿಗೆ ಬಂತು. ಆ ಸೀರೆ ಉಟ್ಟಿದ್ದಕ್ಕೆ ಅತ್ತೆ ಕೇಳಬೇಕಾಗಿ ಬಂದ ಮಾತುಗಳೇನು ಕಡಿಮೆಯಲ್ಲ; ಮದುವೆ ಮುಗಿದ ಎಷ್ಟೋ ತಿಂಗಳ ನಂತರವೂ ಬರುತ್ತಲೇ ಇದ್ದವು. ಈಗಲೂ ಬಂದಾಗೆಲ್ಲ ಕಾಫಿ ಲೋಟ ಹಿಡಿದು ಕಿಟಕಿಯ ಹತ್ತಿರ ಕೂರುತ್ತಾಳೆ. ಚಿಪ್ಪನ್ನು ಎತ್ತಿಕೊಂಡು, ಒಳಗಿನ ಬಿಳಿಯನ್ನೊಮ್ಮೆ ನೋಡಿ, ಹೊರಗಿನ ಗೀರುಗಳ ಮೇಲೆ ಹೆಬ್ಬೆರಳು ಸವರಿ, ಪ್ರತಿಸಲವೂ ಹೊಸ ಸುದ್ದಿಯೆಂಬಂತೆ ನನಗೆ ತೋರಿಸುತ್ತಾಳೆ: "ಬಣ್ಣ ಹೋಗಿಲ್ಲ ನೋಡೋ ಕಿಟ್ಟೂ."