ಹತ್ತನೇ ತಾರೀಖಿನ ಕೆಂಪು ಸುತ್ತು

ಟ್ರಂಕಿನ ತಳದ ಹಾಳೆ ಬದಲಿಸೋಣವೆಂದು ಎತ್ತಿದರೆ, ಡಾಂಬರ ಗುಳಿಗೆಯ ವಾಸನೆಯ ಜೊತೆ ಹಳೆಯ ಕ್ಯಾಲೆಂಡರ್ ಬಂತು. ಒಂದು ಮೂಲೆ ಇಲಿ ತಿಂದಿದೆ. ತಾರೀಖುಗಳ ಮೇಲೆ ಕೆಂಪು ಪೆನ್ಸಿಲ್ಲಿನ ಸುತ್ತುಗಳು ಹಾಗೇ ಇವೆ. ಹಾಕಿದವಳು ನಾನು. ಹಾಕಿರೆಂದವರು ಓಟದ ಮಾಸ್ತರು...

ಅವರು ಉಗರಗೋಳಕ್ಕೆ ಬಂದು ಇಪ್ಪತ್ತೈದು ವರ್ಷದ ಮೇಲಾಯಿತು. ಅವರ ಕೈಯಲ್ಲಿ ಕಲಿತವರು ಪರದೇಶದಲ್ಲಿ ಓಡಿ ಬಂದಿದ್ದರಂತೆ. ಅಂಥ ಮಾಸ್ತರು ದೊಡ್ಡ ಮೈದಾನ ಬಿಟ್ಟು ನಮ್ಮ ಎರೆಮಣ್ಣಿಗೆ ಯಾಕೆ ಬಂದರು? ಕೇಳಿದರೆ ಇಲ್ಲಿಯ ಗುಡ್ಡ ಚಲೋ ಇದೆ ಎನ್ನುತ್ತಿದ್ದರು. ಗುಡ್ಡ ಎಲ್ಲಿಲ್ಲ? ಕೆಲಸದಿಂದ ತೆಗೆದಿದ್ದಾರೆ ಎಂದು ಕೆಲವರು, ಹೆಂಡತಿ ಬಿಟ್ಟಿದ್ದಾಳೆ ಎಂದು ಕೆಲವರು. ನಾನು ಎರಡನ್ನೂ ನಂಬಿದೆ.

ಅವರ ರೀತಿಯೂ ಉಲ್ಟಾ. ಓಡಿಸುವವರು ಜೋರು ಓಡಿ ಎನ್ನಬೇಕು. ಇವರು ಸೈಕಲ್ ಮೇಲೆ ಹಿಂದೆ ಹೋಗುತ್ತ ನಿಧಾನ, ನಿಧಾನ ಎನ್ನುತ್ತಿದ್ದರು. ವಾರದಲ್ಲಿ ಐದು ದಿನ ಮಾತಾಡುತ್ತ ಓಡಬೇಕು, ಉಸಿರು ಕಟ್ಟಿ ಮಾತು ನಿಂತರೆ ನಡೆಯಬೇಕು. ಎರಡು ದಿನ ಮಾತ್ರ ಗುಡ್ಡದ ಏರು. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸಿಕೊಳ್ಳಬೇಕು. “ಓಡಾಕ ಕಲಸ್ತಾನೋ, ಹರಟೀ ಹೊಡ್ಯಾಕ ಕಲಸ್ತಾನೋ?” ಎಂದು ನಮ್ಮ ಪಕ್ಕದ ಮನೆಯವಳು ನಗುತ್ತಿದ್ದಳು. ಆದರೆ ನನ್ನ ಮಗಳು ಸವದತ್ತಿ, ಕಿತ್ತೂರು, ರಾಮದುರ್ಗ, ಎಲ್ಲಿ ಓಡಿದರೂ ಮೊದಲು ಬಂದಳು. ಆಗ ಅವಳು ಪಿಯುಸಿ ಎರಡನೇ ವರ್ಷ. ರಾಜ್ಯದ ಓಟದಲ್ಲಿ ಗೆದ್ದರೆ ಓಟಗಾರರ ಹಾಸ್ಟೆಲ್ಲಿನಲ್ಲಿ ಜಾಗ, ಮುಂದೆ ಓದು. ಇಲ್ಲದಿದ್ದರೆ ಮದುವೆ. ಅವರಪ್ಪ ಗಂಡು ನೋಡಿಟ್ಟಿದ್ದರು.

ಒಂದು ದಿನ ಮಾಸ್ತರು ನಮ್ಮ ಕಟ್ಟೆಯ ಮೇಲೆ ಕುಳಿತು, ಮುಖ ಎತ್ತದೆ, ಈ ಕ್ಯಾಲೆಂಡರನ್ನು ಮುಂದಿಟ್ಟರು.

“ಅವ್ವಾರ, ತಪ್ಪ ತಿಳೀಬ್ಯಾಡ್ರಿ. ಮಗಳು ತಿಂಗಳಾ ಹೊರಗಾದ ದಿನ ಒಂದು ಸುತ್ತ ಹಾಕ್ರಿ. ಆಕೀನ ನಾ ಕೇಳಂಗಿಲ್ಲ. ಸುತ್ತ ತಪ್ಪಿದ್ರ ಓಟ ಬಂದ್, ಬರೇ ಉಣಸೂದು.”

ಕಪಾಳಕ್ಕೆ ಹೊಡೆಯಬೇಕೆನಿಸಿತು. ಪರಗಂಡಸಿಗೆ ಇದೆಲ್ಲ ಯಾಕೆ? ಆದರೆ ಹಾಸ್ಟೆಲ್ಲು ಕಣ್ಣ ಮುಂದಿತ್ತು. ಪೆನ್ಸಿಲ್ ಇಸಿದುಕೊಂಡೆ. ಕ್ಯಾಲೆಂಡರನ್ನು ಮಗಳಿಗೂ ತೋರಿಸದೆ ಟ್ರಂಕಿನಲ್ಲಿಟ್ಟೆ.

ಮೂರು ತಿಂಗಳು ನಿಜವನ್ನೇ ಹಾಕಿದೆ. ಆಮೇಲೆ ಹುಡುಗಿ ಹೊರಗಾಗುವುದೇ ನಿಂತಿತು. ನನ್ನ ಮೊದಲ ಅನುಮಾನ ಮಾಸ್ತರ ಮೇಲೆಯೇ. ಬಾಗಿಲು ಹಾಕಿ, ಜಡೆ ಹಿಡಿದು ಕೇಳಿದೆ.

“ಯವ್ವಾ, ಅವ್ರು ನನ್ನ ಕೈನೂ ಮುಟ್ಟಿಲ್ಲ. ನಾಡಿ ಸುದ್ದಾ ನಾನ ಎಣಸ್ಕೋತೇನಿ,” ಎಂದು ಅತ್ತಳು.

ನಂಬಲಿಲ್ಲ. ಗುರುತಿನವರು ಸಿಗಬಾರದೆಂದು ಬೈಲಹೊಂಗಲಕ್ಕೆ ಕರೆದೊಯ್ದು ಡಾಕ್ಟರಮ್ಮನಿಗೆ ತೋರಿಸಿದೆ. ನೀವಂದುಕೊಂಡದ್ದು ಏನೂ ಇಲ್ಲ, ಮೈಯಲ್ಲಿ ರಕ್ತ ಕಡಿಮೆ, ಚೆನ್ನಾಗಿ ತಿನ್ನಿಸಿ ಎಂದಳು. ಹೋದ ಜೀವ ಬಂತು.

ಆದರೂ ಸುತ್ತು ಬಿಡಲು ಧೈರ್ಯ ಬರಲಿಲ್ಲ. ಮಾಸ್ತರು ಓಟ ನಿಲ್ಲಿಸಿದರೆ ಊರು ಕಾರಣ ಕೇಳುತ್ತದೆ, ಕಾರಣ ತಿಳಿದರೆ ಊರು ಬೇರೆಯೇ ಅರ್ಥ ಮಾಡುತ್ತದೆ. ರಾಜ್ಯದ ಓಟವೂ ಹತ್ತಿರ ಬರುತ್ತಿತ್ತು. ನಾಲ್ಕು ತಿಂಗಳು ಸುಳ್ಳು ಸುತ್ತು ಹಾಕಿದೆ. ಮಾಸ್ತರು ತಿಂಗಳ ಕೊನೆಗೆ ಬಂದು, ನೋಡಿ, ಹೂಂ ಎಂದು, ಗುಡ್ಡದ ಏರು ಹೆಚ್ಚಿಸುತ್ತ ಹೋದರು.

ಓಟ ಒಂಬತ್ತು ದಿನ ಇರುವಾಗ ಏರಿನಲ್ಲಿ ಮಗಳ ಮೊಣಕಾಲ ಕೆಳಗಿನ ಎಲುಬು ಸೀಳಿತು. ಬಿದ್ದಿರಲಿಲ್ಲ, ಎಡವಿರಲಿಲ್ಲ. ಸವದತ್ತಿಯ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು, ಮುಟ್ಟು ನಿಂತ ಹುಡುಗಿಯನ್ನು ಇಷ್ಟು ಓಡಿಸಿದರೆ ಎಲುಬು ಉಳಿಯುತ್ತದೆಯೇ ಎಂದು ಬೈದರು.

ಅಂದು ಸಂಜೆ ಮಾಸ್ತರು ಕ್ಯಾಲೆಂಡರ್ ಕೇಳಿ ಪಡೆದರು. ಒಂದೊಂದೇ ಹಾಳೆ ತಿರುವಿ ಬಹಳ ಹೊತ್ತು ನೋಡಿದರು.

“ಸುತ್ತ ಎಲ್ಲಾ ಬರೋಬರಿ ಅದಾವ. ಹಂಗಾರ ತಪ್ಪ ನಂದ, ಅವ್ವಾರ.”

ನಾನು ಕ್ಯಾಲೆಂಡರನ್ನು ಇಸಿದುಕೊಂಡು ಮತ್ತೆ ಟ್ರಂಕಿನ ತಳಕ್ಕೆ ಹಾಕಿದೆ.

ಹುಡುಗಿಯ ಕಾಲು ಮುರಿದ ಮಾಸ್ತರ ಎಂದು ಊರು ಆಡಿಕೊಂಡಿತು. ಉಳಿದ ಹುಡುಗಿಯರನ್ನೂ ಅಪ್ಪಂದಿರು ಬಿಡಿಸಿದರು. ಹದಿನೈದು ದಿನಕ್ಕೆ ಮಾಸ್ತರು ಬಸ್ಸಿನ ಮೇಲೆ ಸೈಕಲ್ ಕಟ್ಟಿಸಿ ಹೋದರು. ಮತ್ತೆ ಬರಲಿಲ್ಲ. ಮಗಳು ಮದುವೆಯಾಗಿ ಸಿರಸಂಗಿಗೆ ಹೋದಳು. ಮಾಸ್ತರು ತೀರಿಕೊಂಡ ಸುದ್ದಿ ಹೋದ ವರ್ಷ ಅವಳೇ ಹೇಳಿದಳು. “ನನ್ನ ಕಾಲ ತಿಂದಾಂವ ಹ್ವಾದ,” ಎಂದಳು. ಆಗಲೂ ಹೂಂ ಎಂದು ಅವಳ ತಾಟಿಗೆ ರೊಟ್ಟಿ ಹಾಕಿದೆ...

ಇವತ್ತು ಹಾಳೆಗಳನ್ನು ನೆಲದ ಮೇಲೆ ಹರಡಿದೆ. ನನಗೆ ಅಕ್ಷರ ಅಷ್ಟಕ್ಕಷ್ಟೆ, ಅಂಕಿ ಬರುತ್ತದೆ. ನಿಜದ ಸುತ್ತುಗಳು ಹತ್ತೊಂಬತ್ತು, ಹದಿನಾರು, ಹದಿನಾಲ್ಕನೇ ತಾರೀಖಿಗಿವೆ. ಸುಳ್ಳಿನವು ನಾಲ್ಕೂ ಹತ್ತಕ್ಕೇ. ನೆನಪಿಡಲು ಸುಲಭವೆಂದು ಹಾಕಿದ್ದೆ. ಯಾವ ಹೆಣ್ಣಿಗೂ ಹೀಗೆ ತಾರೀಖು ನೋಡಿಕೊಂಡು ಬರುವುದಿಲ್ಲ. ಜೀವಮಾನವೆಲ್ಲ ಹುಡುಗಿಯರನ್ನು ಓಡಿಸಿದ ಮನುಷ್ಯನಿಗೆ ಇದು ಕಾಣಲಿಲ್ಲವೇ? ಕಂಡೂ, ಓಟ ಹತ್ತಿರವಿದೆ ಎಂದು ಸುಮ್ಮನಿದ್ದರೇ? ಇಲ್ಲವೇ ಕೊನೆಯ ದಿನ ಕಂಡು, ನನ್ನ ಮುಖ ನೋಡಿ, ತಪ್ಪನ್ನು ತಾವೇ ಹೊತ್ತುಕೊಂಡು ಹೋದರೇ? ಕೇಳೋಣವೆಂದರೆ ಮನುಷ್ಯನೇ ಇಲ್ಲ.

ಮಗಳು ನಾಡಿದ್ದು ಬರುತ್ತಾಳೆ. ಟ್ರಂಕಿಗೆ ಹೊಸ ಹಾಳೆ ಹಾಸಿದೆ. ಕ್ಯಾಲೆಂಡರನ್ನು ಒಳಗೆ ಹಾಕಲಿಲ್ಲ, ಅವಳು ಕೂಡುವ ಕಡೆ ಇಟ್ಟಿದ್ದೇನೆ.