ಒಂದೇ ಕುರ್ಚಿಯ ಕೋಣೆ

ಶಹಾಪುರದ ಕಾಲೇಜಿಗೆ ಆಪ್ತಸಮಾಲೋಚಕಿಯಾಗಿ ಸೇರಿದಾಗ ನನ್ನೆದುರು ಒಂದೇ ಕುರ್ಚಿ ಹಾಕಿಸಿದ್ದೆ. ‘ಒಬ್ಬೊಬ್ಬರಾಗಿ ಬನ್ನಿ’ ಎಂದು ಬಾಗಿಲಿಗೆ ಚೀಟಿಯನ್ನೂ ಅಂಟಿಸಿದ್ದೆ. ತಿಂಗಳಾದರೂ ಯಾರೂ ಬರಲಿಲ್ಲ. ನಮ್ಮ ಕಡೆಯ ಹುಡುಗಿಯರು ಬಸ್‌ಸ್ಟ್ಯಾಂಡಿಗೂ ಒಬ್ಬರೇ ಹೋಗುವುದಿಲ್ಲ. ಯಾದಗಿರಿಯಲ್ಲೇ ಬೆಳೆದ ನನಗೆ ಇದು ಹೊಳೆಯಲಿಲ್ಲವೆಂದರೆ, ಓದಿದ್ದು ತಲೆಗೇರಿತ್ತು.

ಕೊನೆಗೊಂದು ದಿನ ದೋರನಹಳ್ಳಿಯ ಹುಡುಗಿಯೊಬ್ಬಳು ಮೂವರು ಗೆಳತಿಯರೊಂದಿಗೆ ಬಂದಳು. ಚೀಟಿ ತೋರಿಸಿ ಸಿಡುಕಿದೆ. ಯಾರೂ ಕದಲಲಿಲ್ಲ.

“ಆಕಿ ಮಾತಾಡಂಗಿಲ್ರಿ ಮೇಡಂ, ಆಕಿದು ನಾವ ಹೇಳ್ತೀವಿ,” ಎಂದಳು ಒಬ್ಬ ಗೆಳತಿ. “ಪರೀಕ್ಷಿ ಅಂದ್ರ ಅಂಜತಾಳ್ರಿ.”

“ಊಟ ಬಿಟ್ಟಾಳ್ರಿ,” ಎಂದಳು ಇನ್ನೊಬ್ಬಳು.

“ದಿನಾ ಅಳ್ತಾಳ್ರಿ,” ಎಂದಳು ಮೂರನೆಯವಳು.

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ದೋರನಹಳ್ಳಿಯವಳು ತಲೆಯೆತ್ತಿದಳು. “ದಿನಾ ಎಲ್ಲಿ ಅಳ್ತೀನಿ? ಸುಳ್ಳ ಹೇಳಬ್ಯಾಡ. ನಂದು ನಾನ ಹೇಳ್ತೀನಿ,” ಎಂದು ಕುರ್ಚಿಯಲ್ಲಿ ಕೂತಳು. ಒಂದು ತಾಸು ಮಾತಾಡಿದಳು. ಉಳಿದವರು ನೆಲದ ಮೇಲೆ ಕೂತು, ಅವಳು ಬಿಟ್ಟದ್ದನ್ನು ಸೇರಿಸುತ್ತಿದ್ದರು.

ಮರುದಿನವೇ ಚೀಟಿ ಕಿತ್ತು ಬೆಂಚು ಹಾಕಿಸಿದೆ. ಮುಂದಿನ ವಾರ ಅದೇ ನಾಲ್ವರು ಬಂದರು. ಈ ಸಲ ನಡುವೆ ಕೂತವಳು ಆ ಮೂರನೆಯವಳು.

“ದಿನಾ ಅಳುವಾಕಿ ನಾನ ರೀ ಮೇಡಂ,” ಎಂದಳು.

“ನಮಗ ಗೊತ್ತದ,” ಎಂದಳು ದೋರನಹಳ್ಳಿಯವಳು. “ಹೇಳು.”