ಬೈರಾಸಿನ ಇನ್ನೊಂದು ತುದಿ

ದಾರಿಯಲ್ಲಿ ಏನೋ ಕಂಡಿತು, ಯಾರೋ ಜೊತೆಗೆ ಬಂದರು ಎನ್ನುವವರನ್ನು ನಾನು ತಮಾಷೆ ಮಾಡಿದ್ದೇ ಹೆಚ್ಚು. ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವನಾದರೂ ಅಂಥದ್ದನ್ನೆಲ್ಲ ನಂಬುವಷ್ಟು ದಡ್ಡನಲ್ಲ ಎಂಬ ಜಂಬ ಇತ್ತು. ಈಗ ನನ್ನದನ್ನೇ ಹೇಳುತ್ತೇನೆ. ನೀವೂ ನಗಬಹುದು.

ಪೆರ್ಲದಿಂದ ನಮ್ಮ ಮನೆಗೆ ಬರಲು ಹೊಳೆಕಂಡಿ ದಾಟಬೇಕು. ಅಲ್ಲಿ ಹೊಳೆ ಗುಡ್ಡವನ್ನು ಸೀಳಿಕೊಂಡು ಹರಿಯುತ್ತದೆ. ಪಕ್ಕದಲ್ಲೇ ಬಂಡೆ ಕಡಿದು ಮಾಡಿದ ಹಳೆಯ ದಾರಿ. ಕುಂಬಳೆಯಿಂದ ಉಪ್ಪು, ಒಣಮೀನು ತುಂಬಿಕೊಂಡು ಎತ್ತಿನ ಗಾಡಿಗಳು ಘಟ್ಟದ ಕಡೆಗೆ ಹೋಗುತ್ತಿದ್ದುದು ಇದರಲ್ಲೇ. ಚಕ್ರ ಉಜ್ಜಿದ ಗುರುತು ಕಲ್ಲಿನಲ್ಲಿ ಈಗಲೂ ಉಂಟು. ನೀರಿನ ಸದ್ದಿಗೆ ಅಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಹಾಗಾಗಿ ಹೊತ್ತು ಮುಳುಗಿ ಕಪ್ಪಾದ ಮೇಲೆ ಜೊತೆಯಾಗಿ ಹೋಗುವವರು ಹೆಗಲ ಮೇಲಿನ ಟವೆಲಿನ, ಅಂದರೆ ಬೈರಾಸಿನ, ಒಂದೊಂದು ತುದಿ ಹಿಡಿದು, ಒಬ್ಬರ ಹಿಂದೆ ಒಬ್ಬರು ನಡೆಯುವುದು ರೂಢಿ.

ನನ್ನ ತಂಗಿ ಸುಮಳಿಗೆ ಕತ್ತಲಾದರೆ ಕಣ್ಣು ಕಾಣುವುದಿಲ್ಲ. ಪೆರ್ಲದಲ್ಲಿ ಹೊಲಿಗೆ ಕೆಲಸ ಮುಗಿಸಿ ಕಂಡಿಯ ಆಚೆ ಬಸ್ಸಿಳಿಯುತ್ತಿದ್ದ ಅವಳನ್ನು, ಮದುವೆಯಾಗುವವರೆಗೂ ದಿನಾ ಮನೆಗೆ ಕರೆತರುವುದು ನನ್ನ ಪಾಲಿನ ಕೆಲಸವಾಗಿತ್ತು. ಒಂದು ದಿನ ವಾಲಿಬಾಲ್ ಮ್ಯಾಚಿನಲ್ಲಿ ಮೈಮರೆತೆ. ಚೆಂಡೇ ಕಾಣದಷ್ಟು ಕಪ್ಪಾದಾಗ ನೆನಪಾಯಿತು. ಓಡಿದೆ. ಬಸ್‌ಸ್ಟಾಪಿನಲ್ಲಿ ಯಾರೂ ಇಲ್ಲ. ಕಂಡಿಯುದ್ದಕ್ಕೂ ಮೊಬೈಲಿನ ಬೆಳಕನ್ನು ನೀರಿಗೆ ಬಿಡುತ್ತಾ, ಅವಳ ಹಳದಿ ಚೂಡಿದಾರ ಕಾಣದೆ ಇರಲಿ ಎಂದು ದೇವರನ್ನು ಬೇಡುತ್ತಾ ಮನೆ ಮುಟ್ಟಿದೆ.

ಸುಮ ಜಗಲಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಳು.

“ಎಂತ ಅಣ್ಣ, ನನ್ನನ್ನು ಅಂಗಳದಲ್ಲಿ ಬಿಟ್ಟು ಮಾತಾಡದೆ ಓಡಿದ್ದು? ಮ್ಯಾಚ್ ಗೆದ್ದಿರಾ ಇಲ್ವಾ?”

ಬಸ್ಸಿಳಿದು ‘ಅಣ್ಣಾ’ ಎಂದು ಕರೆದಾಗ ಬೈರಾಸಿನ ತುದಿ ಕೈಗೆ ಸಿಕ್ಕಿತಂತೆ. ನಾನೇ ಎಂದುಕೊಂಡು ಹಿಡಿದು ಬಂದಳಂತೆ. ನನ್ನ ಬೈರಾಸು ನನ್ನ ಸೊಂಟದಲ್ಲೇ ಇತ್ತು. ಆಚೀಚೆ ಮನೆಯ ಗಂಡಸರೆಲ್ಲ ನನ್ನೊಂದಿಗೆ ಮೈದಾನದಲ್ಲಿದ್ದರು. ಆಗಲೇ ನಿಜ ಹೇಳಬೇಕಿತ್ತು. ಗೆದ್ದೆವು ಎಂದೆ. ಮ್ಯಾಚ್ ಇದ್ದರೂ ತಂಗಿಯನ್ನು ಕರೆತಂದೆನೆಂದು ಅಮ್ಮ ಮೆಚ್ಚಿ ನನಗೆ ಒಂದು ಬಂಗುಡೆ ಮೀನು ಹೆಚ್ಚು ಬಡಿಸಿದರು. ಅದನ್ನೂ ತಿಂದೆ.

ಸುಮಳಿಗೆ ಮದುವೆಯಾಗಿ ಎಷ್ಟೋ ವರ್ಷವಾಯಿತು. ಅಣ್ಣ ಒಂದು ದಿನವೂ ತಪ್ಪಿಸಿದವನಲ್ಲ ಎಂದು ಗಂಡನ ಮನೆಯಲ್ಲೆಲ್ಲ ಹೊಗಳುತ್ತಾಳೆ. ಕೇಳಿ ಕೇಳಿ ತಡೆಯಲಾರದೆ, ಕಳೆದ ದೀಪಾವಳಿಗೆ ಅವಳು ಬಂದಾಗ ಎಲ್ಲ ಹೇಳಿಬಿಟ್ಟೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಸುಮ್ನಿರು ಮಾರಾಯ. ಹೊಂಡ ಬಂದಲ್ಲೆಲ್ಲ ಬೈರಾಸು ಎರಡು ಸಲ ಎಳೆದದ್ದು ಮತ್ತೆ ಯಾರು?”

ಹಾಗೆ ಎಳೆದು ತಿಳಿಸುವುದು ಚಿಕ್ಕಂದಿನಲ್ಲಿ ನಾವಿಬ್ಬರೇ ಮಾಡಿಕೊಂಡ ಗುಟ್ಟು. ನಾನು ಯಾರಿಗೂ ಹೇಳಿದವನಲ್ಲ, ಅವಳೂ ಹೇಳಿಲ್ಲವಂತೆ. ಅಂದು ಬಂದವರು ಯಾರೆಂದು ನನಗೆ ಇಂದಿಗೂ ತಿಳಿಯದು. ಕ್ಷಮಿಸು ಎಂದರೆ ಸುಮ, “ಎಂತಕ್ಕೆ?” ಎನ್ನುತ್ತಾಳೆ.